ಕೆಂಪು ಗೆರೆ ಎಳೆದ ಹೆಸರುಗಳು

ಪೆಟ್ಟಿಗೆ ಅಕ್ಕನ ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿದೆ. ಇಪ್ಪತ್ತಾರು ವರ್ಷ ಒಂದೇ ಹೆಗಲಿಗೆ ಲಸಿಕೆಯ ಪೆಟ್ಟಿಗೆ ನೇತುಹಾಕಿಕೊಂಡು ಮನೆ ಮನೆ ಸುತ್ತಿದರೆ ಇನ್ನೇನಾಗುತ್ತದೆ? ಅವಳು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಮಕ್ಕಳು ಮಂಚದ ಕೆಳಗೆ ನುಗ್ಗುತ್ತಿದ್ದವು. ಮುದುಕಿಯರು ಮಾತ್ರ "ಬಾರಮ್ಮ, ನನ್ನ ಬಿಪಿನೂ ಒಂದ್ಸಲ ನೋಡ್ಬಿಡು" ಅಂತ ತೋಳು ಚಾಚಿಕೊಂಡು ಬಾಗಿಲಿಗೆ ಬರುತ್ತಿದ್ದರು. ಯಾವ ಮನೆಯ ಸೊಸೆಗೆ ಎಷ್ಟನೇ ತಿಂಗಳು, ಯಾವ ಮುದುಕ ಮಾತ್ರೆಯನ್ನು ದಿಂಬಿನ ಕೆಳಗೆ ಬಚ್ಚಿಟ್ಟು ನುಂಗಿದೆ ಅಂತ ಕಾಗೆ ಹಾರಿಸುತ್ತಾನೆ, ಎಲ್ಲ ಅವಳ ನಾಲಿಗೆಯ ತುದಿಯಲ್ಲಿತ್ತು.

ನಾನು ಅದೇ ಆರೋಗ್ಯ ಕೇಂದ್ರದಲ್ಲಿ ಚೀಟಿ ಬರೆಯುವವನು. ಯಾರೇ ಬಂದರೂ ಮೊದಲು ನನ್ನ ಕಿಟಕಿ, ಆಮೇಲೆ ಡಾಕ್ಟರಮ್ಮ. ನನ್ನ ಬಾಯಿ ಸರಿಯಿಲ್ಲ ಅಂತ ದೂರು ಕೊಟ್ಟವರು ಬೇಕಾದಷ್ಟು ಜನ ಇದ್ದಾರೆ, ಅದು ಸುಳ್ಳೂ ಅಲ್ಲ. ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಎರಡರವರೆಗೆ ನೂರು ಜನರ ಕೆಮ್ಮನ್ನು ಮುಖಕ್ಕೆ ತೆಗೆದುಕೊಂಡು ಯಾರಾದರೂ ನಗುತ್ತಾ ಕೂತಿರಲಿ ನೋಡೋಣ. ಪೆಟ್ಟಿಗೆ ಅಕ್ಕ ಊರಿಗೆಲ್ಲ ಅಕ್ಕ, ನನಗೆ ತಂಗಿ. ನನ್ನನ್ನು ಅಣ್ಣ ಅನ್ನುತ್ತಾಳೆ. ಅವಳ ಗಂಡ ನನಗೆ ಭಾವ, ಅವನಿಗೆ ನಾನೂ ಭಾವ. ರಕ್ತಸಂಬಂಧ ಏನೂ ಇಲ್ಲ. ಇಷ್ಟು ವರ್ಷ ಊಟದ ಡಬ್ಬಿ ಹಂಚಿಕೊಂಡು ತಿಂದಿದ್ದೇವೆ, ಅಷ್ಟೆ.

ನಮ್ಮ ಕೇಂದ್ರ ಅಂದರೆ ಮೂರು ಕೋಣೆ, ಒಂದು ವರಾಂಡ. ಮೂರನೆಯ ಕೋಣೆ ಉಗ್ರಾಣ. ಅಲ್ಲಿ ಕಾಲು ಮುರಿದ ಮಂಚಕ್ಕೂ ತೂಕದ ಯಂತ್ರಕ್ಕೂ ನಡುವೆ ಗಾಳಿ ಮಿಷನ್ ಇತ್ತು. ಹೊರಗಿನ ಗಾಳಿಯನ್ನು ಎಳೆದುಕೊಂಡು ಆಮ್ಲಜನಕವನ್ನು ಮಾತ್ರ ಪೈಪಿನಲ್ಲಿ ಬಿಡುವ ಯಂತ್ರ ಅದು, ಮೊಣಕಾಲೆತ್ತರದ ಡಬ್ಬ, ಹಳೇ ಫ್ರಿಜ್ಜಿನ ಹಾಗೆ ಗುರ್ ಅನ್ನುತ್ತಿತ್ತು. ಅದರ ಮುಂದೆ ದಿನಾ ಸರದಿಯಲ್ಲಿ ಕೂರುತ್ತಿದ್ದವರು ಮೂವರು. ಮೂವರೂ ಜಲ್ಲಿ ಕ್ರಷರಿನಲ್ಲಿ ದುಡಿದವರು, ಅವರಲ್ಲಿ ಒಬ್ಬ ನನ್ನ ಭಾವ.

ಇಪ್ಪತ್ತು ವರ್ಷ ಕಲ್ಲಿನ ಪುಡಿ ಉಸಿರಾಡಿದ ಅವನ ಶ್ವಾಸಕೋಶ ಗಟ್ಟಿಯಾಗಿಹೋಗಿದೆ, ಇನ್ನು ಸರಿಹೋಗುವುದಿಲ್ಲ ಅಂತ ಡಾಕ್ಟರಮ್ಮ ಮುಚ್ಚುಮರೆ ಇಲ್ಲದೆ ಹೇಳಿದ್ದರು. ದಿನಕ್ಕೆ ಎರಡು ಗಂಟೆ ಮಿಷನ್ನಿನ ಮುಂದೆ ಕೂತರೆ ಉಳಿದ ಇಪ್ಪತ್ತೆರಡು ಗಂಟೆ ಹೇಗೋ ತಳ್ಳುತ್ತಿದ್ದ. ಅಂಥದ್ದೊಂದನ್ನು ಮನೆಗೆ ಕೊಂಡು ತರುವ ಮಾತು ನಮ್ಮಂಥವರ ಬಾಯಲ್ಲಿ ಬರುವಂಥದ್ದಲ್ಲ. ಮನೆಯಿಂದ ಕೇಂದ್ರಕ್ಕೆ ಇನ್ನೂರು ಹೆಜ್ಜೆ. ಅಷ್ಟಕ್ಕೆ ಮೂರು ನಿಲ್ದಾಣ: ಮೊದಲು ಕರೆಂಟ್ ಕಂಬ, ಆಮೇಲೆ ಬೀದಿ ನಲ್ಲಿ, ಕೊನೆಗೆ ಸೈಕಲ್ ಅಂಗಡಿಯ ಬೆಂಚು. ಬಂದು ಸ್ಟೂಲಿನ ಮೇಲೆ ಕೂತು, ಪೈಪು ಮೂಗಿಗೆ ಸಿಕ್ಕಿಸಿಕೊಂಡು, ಐದು ನಿಮಿಷ ಕಣ್ಣು ಮುಚ್ಚಿ, ಆಮೇಲೆ ಬಾಯಿ ಬಿಡುತ್ತಿದ್ದ. "ಎದೆಯೊಳಗೆ ಎರಡು ಬಾಂಡ್ಲಿ ಜಲ್ಲಿ ಇದೆ ಭಾವ. ಮನೆ ಕಟ್ಟಿಸೋದಿದ್ರೆ ಹೇಳು, ಕಡಿಮೆಗೆ ಕೊಡ್ತೀನಿ."

ಇನ್ನು ಆ ದಪ್ಪ ಪುಸ್ತಕದ ವಿಷಯ ಹೇಳಬೇಕು. ಅದಕ್ಕೆ ಕುಟುಂಬ ರಿಜಿಸ್ಟರ್ ಅನ್ನುತ್ತಾರೆ. ಮನೆಗೊಂದು ಪುಟ, ಆಳಿಗೊಂದು ಸಾಲು, ಸಾಲಿಗೊಂದು ನಂಬರು. ವರ್ಷಕ್ಕೊಮ್ಮೆ ಒಟ್ಟು ತಲೆಗಳನ್ನು ಎಣಿಸಿ ದೊಡ್ಡ ಕಚೇರಿಗೆ ಕಳಿಸಬೇಕು. ಮಾತ್ರೆ, ಲಸಿಕೆ, ಸೂಜಿ, ಹತ್ತಿ, ಡಾಕ್ಟರಮ್ಮ ವಾರಕ್ಕೆ ಎಷ್ಟು ದಿನ ಬರಬೇಕು ಅನ್ನುವುದು ಕೂಡ, ಆ ಎಣಿಕೆಯ ಮೇಲೇ. ಪುಸ್ತಕದಲ್ಲಿ ನಂಬರು ಇದ್ದವರಿಗೆ ನಾನು ಚೀಟಿ ಬರೆಯುತ್ತಿದ್ದೆ. ಇಲ್ಲದವರಿಗೆ ಬರೆಯುವ ಹಾಗಿಲ್ಲ, ಯಾಕೆಂದರೆ ಅವರ ಪಾಲಿನ ಮಾತ್ರೆ ಬಂದೇ ಇರುವುದಿಲ್ಲ. ಯಾರಾದರೂ ತೀರಿಕೊಂಡರೆ ಅವರ ಹೆಸರಿನ ಮೇಲೆ ಸ್ಕೇಲಿಟ್ಟು ಕೆಂಪು ಗೆರೆ ಎಳೆದು, ಕೊನೆಯ ಕಾಲಂನಲ್ಲಿ 'ಮೃತ' ಅಂತ ಬರೆದು ತಾರೀಕು ಹಾಕುವುದು ಪದ್ಧತಿ. ಊರು ಬಿಟ್ಟು ಹೋದರೂ ಅದೇ ಗೆರೆ, ಕಾಲಂನಲ್ಲಿ ಮಾತ್ರ 'ಸ್ಥಳಾಂತರ'. ಬರೆಯುತ್ತಿದ್ದವಳು ಅವಳು, ಗೆರೆ ಎಳೆಯುತ್ತಿದ್ದವನು ನಾನು. "ಅಣ್ಣನ ಕೈ ನೆಟ್ಟಗೆ ಹೋಗುತ್ತೆ" ಅನ್ನುತ್ತಿದ್ದಳು. ನನಗೂ ಅದೊಂದು ಹೆಮ್ಮೆ.

ಕ್ವಾರಿಯ ಹಿಂದೆ ಅರವತ್ತೊಂದು ತಗಡಿನ ಶೆಡ್ಡುಗಳಿವೆ. ಅಲ್ಲಿರುವವರು ಬೆಳಕು ಹರಿಯುವ ಮುಂಚೆ ಕೆಲಸಕ್ಕೆ ಹೋಗಿ ಸಂಜೆಗೆ ಬರುವವರು, ಮಕ್ಕಳನ್ನೂ ಬೆನ್ನಿಗೆ ಕಟ್ಟಿಕೊಂಡೇ ಹೋಗುತ್ತಾರೆ. ಪೆಟ್ಟಿಗೆ ಅಕ್ಕ ಹೋದಾಗಲೆಲ್ಲ ಬಾಗಿಲಿಗೆ ತಂತಿ ಸುತ್ತಿರುತ್ತಿತ್ತು. ಹೀಗಾಗಿ ಲಸಿಕೆಯ ಲೆಕ್ಕ ಎಷ್ಟು ಒದ್ದಾಡಿದರೂ ನೂರಕ್ಕೆ ಎಂಬತ್ತೆರಡು ದಾಟುತ್ತಿರಲಿಲ್ಲ. ದೊಡ್ಡ ಕಚೇರಿಯ ತಿಂಗಳ ಮೀಟಿಂಗಿನಲ್ಲಿ ತೊಂಬತ್ತಕ್ಕಿಂತ ಕಡಿಮೆ ಇದ್ದವರನ್ನು ಎದ್ದು ನಿಲ್ಲಿಸುತ್ತಿದ್ದರು. ಅವಳು ಮೂರು ವರ್ಷ ನಿಂತಳು. ಬಿಸಿಲಲ್ಲಿ ಸುತ್ತಿ ಕಾಲು ಒಡೆದುಕೊಂಡ ಹೆಂಗಸನ್ನು, ಎ.ಸಿ. ಕೋಣೆಯಲ್ಲಿ, ಮಗ್ಗಿ ಬಾರದ ಮಕ್ಕಳನ್ನು ನಿಲ್ಲಿಸುವ ಹಾಗೆ ನಿಲ್ಲಿಸಿದರು. ಇವತ್ತಿಗೂ ನೆನೆದರೆ ನನ್ನ ಮೈ ಉರಿಯುತ್ತದೆ.

ಪಕ್ಕದ ಕೇಂದ್ರದವಳು ಒಂದು ದಿನ ಊಟದ ಹೊತ್ತಿನಲ್ಲಿ ಇವಳ ಕಿವಿಯಲ್ಲಿ ಊದಿದಳು. "ಸಿಗದೇ ಇರೋರನ್ನ ಯಾಕೆ ತಲೆ ಮೇಲೆ ಹೊತ್ಕೊಂಡು ತಿರುಗ್ತೀರಾ? ಸ್ಥಳಾಂತರ ಅಂತ ಬರೆದು ಗೆರೆ ಎಳೆದುಬಿಡಿ. ಉಳಿದವರಲ್ಲಿ ನಿಮ್ಮದು ನೂರಕ್ಕೆ ನೂರೇ ಅಲ್ವಾ? ನಾವೆಲ್ಲ ಮಾಡೋದೇ ಅದು."

ಪೆಟ್ಟಿಗೆ ಅಕ್ಕ ಇನ್ನೂ ಒಂದು ವಾರ ಶೆಡ್ಡುಗಳಿಗೆ ಹೋಗಿ ತಂತಿ ಸುತ್ತಿದ ಬಾಗಿಲು ನೋಡಿಕೊಂಡು ಬಂದಳು. ಆಮೇಲೆ ಒಂದು ಶನಿವಾರ ಮಧ್ಯಾಹ್ನ ರಿಜಿಸ್ಟರ್ ತಂದು ನನ್ನ ಮುಂದಿಟ್ಟಳು. ಅವಳು ಬರೆಯುತ್ತಾ ಹೋದಳು, ನಾನು ಎಳೆಯುತ್ತಾ ಹೋದೆ. ಅರವತ್ತೊಂದು ಪುಟ. ನಡುವೆ ಟೀ ತರಿಸಿ ಕುಡಿದೆವು. ಯಾರೋ ಕಿಟಕಿಯಲ್ಲಿ ಇಣುಕಿ ಏನು ಮಾಡುತ್ತಿದ್ದೀರಿ ಅಂದದ್ದಕ್ಕೆ "ಮನೆ ಗುಡಿಸ್ತಾ ಇದ್ದೀವಿ" ಅಂತ ಬೇರೆ ಅಂದೆ. ಮುಂದಿನ ಮೀಟಿಂಗಿನಲ್ಲಿ ನಮ್ಮದು ನೂರಕ್ಕೆ ನೂರು. ಸಾಹೇಬರು ಬೆನ್ನು ತಟ್ಟಿದರು, ಪ್ರಶಸ್ತಿ ಪತ್ರ ಕೊಟ್ಟರು. ಅದಕ್ಕೆ ಗಾಜು ಹಾಕಿಸಿ ವರಾಂಡದಲ್ಲಿ ತೂಗುಹಾಕಿದವನು ನಾನೇ.

ಶೆಡ್ಡಿನ ಕಡೆಗೆ ಹೋಗುವುದನ್ನು ಅವಳು ಒಮ್ಮೆಗೇ ನಿಲ್ಲಿಸಲಿಲ್ಲ. "ಪುಸ್ತಕದಲ್ಲಿ ಇಲ್ದಿದ್ರೆ ಏನಾಯ್ತು, ಮಕ್ಕಳಂತೂ ಅಲ್ಲೇ ಇದ್ದಾವಲ್ಲ" ಅಂತ ಎರಡು ತಿಂಗಳು ಭಾನುವಾರದ ದಿನ ಹೋದಳು. ಮೂರನೆಯ ತಿಂಗಳು ಲಸಿಕೆ ಬಂದದ್ದು ಗೆರೆ ಎಳೆಯದೆ ಉಳಿದಿದ್ದ ಹೆಸರುಗಳಿಗಷ್ಟೇ, ಒಂದು ಬಾಟಲಿ ಹೆಚ್ಚಿಲ್ಲ. ಖಾಲಿ ಪೆಟ್ಟಿಗೆ ಹೊತ್ತು ಯಾವ ಮುಖ ಇಟ್ಟುಕೊಂಡು ಹೋಗುತ್ತಾಳೆ?

ಹೀಗೆ ನಾಲ್ಕು ವರ್ಷ ಕಳೆಯಿತು. ನಾಲ್ಕನೆಯ ವರ್ಷದ ಕೊನೆಗೆ ದೊಡ್ಡ ಕಚೇರಿಯಿಂದ ಒಂದು ಆದೇಶ ಬಂತು. ಮೇಲಿನಿಂದ ಬರುವ ಅನುದಾನ ಕಡಿತವಾಗಿದೆ. ಮೂರು ಸಾವಿರಕ್ಕಿಂತ ಕಡಿಮೆ ಜನ ಇರುವ ಕೇಂದ್ರಗಳನ್ನು ಮುಚ್ಚಿ ದೊಡ್ಡ ಕೇಂದ್ರಕ್ಕೆ ಸೇರಿಸಲಾಗುವುದು. ಸಿಬ್ಬಂದಿ, ಔಷಧಿ, ಯಂತ್ರಗಳು ಅಲ್ಲಿಗೇ ಹೋಗತಕ್ಕದ್ದು. ಕೆಳಗೆ ಪಟ್ಟಿ. ನಮ್ಮದು ಆರನೆಯದು: ಎರಡು ಸಾವಿರದ ಎಂಟುನೂರ ಹತ್ತು ಜನ. ದೊಡ್ಡ ಕೇಂದ್ರ ಇರುವುದು ಹದಿನಾಲ್ಕು ಕಿಲೋಮೀಟರ್ ದೂರದಲ್ಲಿ. ಆಕ್ಷೇಪಣೆ ಇದ್ದರೆ ಹದಿನೈದು ದಿನದೊಳಗೆ ಸಲ್ಲಿಸಬೇಕು.

ಅವಳು ಆ ಕಾಗದವನ್ನು ನಿಂತುಕೊಂಡೇ ಓದಿದಳು. ಉಗ್ರಾಣದಲ್ಲಿ ಮಿಷನ್ ಗುರ್ ಅನ್ನುತ್ತಿತ್ತು, ಭಾವ ಯಾರಿಗೋ ಜಲ್ಲಿ ಮಾರುತ್ತಿದ್ದ.

"ಅಣ್ಣ, ಮಿಷನ್ ಹೋದ್ರೆ ಇವರು ಉಳಿಯಲ್ಲ."

"ಆಕ್ಷೇಪಣೆ ಹಾಕೋಣ."

"ಏನಂತ ಹಾಕೋದು? ನಾವೇ ಕೊಟ್ಟ ಲೆಕ್ಕ ಅದು." ಪಟ್ಟಿಯ ಮೇಲೆ ಬೆರಳಿಟ್ಟು ಅಂದಳು, "ಶೆಡ್ಡಿನವರು ಸೇರಿದ್ರೆ ಮೂರು ಸಾವಿರ ದಾಟುತ್ತೆ."

ನಾನು, ನನ್ನ ಬುದ್ಧಿಗೆ ತಕ್ಕ ಹಾಗೆ, ಇಲ್ಲಿಯೇ ಕೂತು ಇನ್ನೂರು ಹೆಸರು ಬರೆದು ಕಳಿಸಿಬಿಡೋಣ, ಯಾರು ಬಂದು ನೋಡುತ್ತಾರೆ ಅಂದೆ. ಅವಳು ಆಗಲೇ ರಿಜಿಸ್ಟರ್ ಎತ್ತಿಕೊಂಡಿದ್ದಳು. "ಕೂತು ಬರೆದದ್ದಕ್ಕೇ ಅಲ್ವಾ ಅಣ್ಣ ಈ ಗತಿ ಬಂದಿದ್ದು? ಹೋಗಿ ಎಣಿಸೋಣ."

ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ ಹನ್ನೊಂದು ದಿನ ಓಡಾಡಿದೆವು. ಕೆಲಸದವರು ಹೊರಡುವ ಮುಂಚೆ, ಬೆಳಗ್ಗೆ ಐದಕ್ಕೆಲ್ಲ ಶೆಡ್ಡಿನ ಹತ್ತಿರ ಇರುತ್ತಿದ್ದೆವು. ಅವಳ ಕೈಯಲ್ಲಿ ಹಳೆಯ ರಿಜಿಸ್ಟರ್, ನನ್ನ ಕೈಯಲ್ಲಿ ಹೊಸ ಹಾಳೆಗಳು. ಜನ ಬದಲಾಗಿರಬಹುದು ಅಂದುಕೊಂಡರೆ ಇಲ್ಲ, ಮುಕ್ಕಾಲು ಪಾಲು ಅದೇ ಮನೆಗಳು, ಅದೇ ಹೆಸರುಗಳು, ಮಕ್ಕಳು ಮಾತ್ರ ಉದ್ದವಾಗಿದ್ದವು. ಒಬ್ಬ ಮುದುಕ "ನಾಲ್ಕು ವರ್ಷ ಆದ್ಮೇಲೆ ನಮ್ಮ ನೆನಪಾಯ್ತಾ ತಾಯಿ?" ಅಂದ. ಅವಳು ತಲೆ ತಗ್ಗಿಸಿಕೊಂಡು "ಮನೇಲಿ ಎಷ್ಟು ಜನ ಅಪ್ಪ?" ಅಂದಳು. ಇನ್ನೇನು ಹೇಳಿಯಾಳು?

ಒಂಬತ್ತನೆಯ ದಿನ, ಕೊನೆಯ ಸಾಲಿನ ಒಂದು ಶೆಡ್ಡು. ಒಬ್ಬ ಹೆಂಗಸು ಬಾಗಿಲಲ್ಲಿ ಕೂತು ಕಾಲಿಗೆ ಟೈರಿನ ಚೂರು ಕಟ್ಟಿಕೊಳ್ಳುತ್ತಿದ್ದಳು, ಕಲ್ಲು ಚುಚ್ಚದಿರಲಿ ಅಂತ. ಪೆಟ್ಟಿಗೆ ಅಕ್ಕನನ್ನು ನೋಡಿಯೂ ದಾರ ಕಟ್ಟುತ್ತಲೇ ಇದ್ದಳು. ನನ್ನನ್ನು ನೋಡಿ ಎದ್ದು ನಿಂತಳು.

"ನೀನು ಚೀಟಿ ಬರಿಯೋನಲ್ವಾ?"

ಹೌದು ಅಂದೆ.

"ನನ್ನ ಮಗನಿಗೆ ಭೇದಿ ಹತ್ತಿತ್ತು. ಹೊತ್ಕೊಂಡು ನಿನ್ನ ಕಿಟಕಿಗೆ ಬಂದಿದ್ದೆ. ನೀನು ಪುಸ್ತಕ ತಿರುವಿ ನೋಡ್ದೆ. ಹೆಸರಿಲ್ಲ, ಇಲ್ಲೇ ಇರೋರು ಅಂತ ಮೇಸ್ತ್ರಿ ಹತ್ರ ಬರೆಸ್ಕೊಂಡು ಬಾ ಅಂದೆ. ಮೇಸ್ತ್ರಿ ಬಂದಿದ್ದು ಸಂಜೆಗೆ. ನೀನು ಬಾಗಿಲು ಹಾಕ್ಕೊಂಡು ಹೋಗಿದ್ದೆ. ಬೆಳಗ್ಗೆ ಬರೋಣ ಅಂದ್ರೆ ಮಗು ಇರಲಿಲ್ಲ."

ನನಗೆ ಅವಳ ಮುಖ ನೆನಪಾಗಲಿಲ್ಲ. ಆ ಮಗುವಿನ ಮುಖವೂ ನೆನಪಾಗಲಿಲ್ಲ. ಹಾಗೆ ದಿನಕ್ಕೆ ಇಬ್ಬರು ಮೂವರನ್ನು ಕಳಿಸುತ್ತಿದ್ದೆ, ಯಾರನ್ನಂತ ನೆನಪಿಡಲಿ? ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳಬೇಕು.

ಅವಳು ಪೆಟ್ಟಿಗೆ ಅಕ್ಕನ ಕಡೆ ತಿರುಗಿದಳು. "ಆ ಪುಸ್ತಕದಲ್ಲಿ ಅವನ ಹೆಸರು ಎಲ್ಲಾದ್ರೂ ಇದ್ಯಾ ನೋಡು."

ಪೆಟ್ಟಿಗೆ ಅಕ್ಕ ಪುಟ ತೆಗೆದು ಬೆರಳಿಟ್ಟು ತೋರಿಸಿದಳು. ಅಕ್ಷರ ಬಾರದ ಹೆಂಗಸು ಬಗ್ಗಿ ನೋಡಿದಳು.

"ಇದೇನು ಇದರ ಮೇಲೆ ಕೆಂಪಗೆ? ಸತ್ತೋರಿಗೆ ಹಾಕೋದಾ?"

"ಸತ್ತೋರಿಗೂ ಹಾಕ್ತೀವಿ."

"ಯಾವತ್ತು ಹಾಕಿದ್ದು?"

ಸುಳ್ಳು ಹೇಳಬಹುದಿತ್ತು. ಅವಳಿಗೆ ಓದಲು ಬರುತ್ತಿರಲಿಲ್ಲ. ಪೆಟ್ಟಿಗೆ ಅಕ್ಕ ತಾರೀಕನ್ನು ಇದ್ದ ಹಾಗೇ ಓದಿದಳು, ತಿಂಗಳು, ವರ್ಷ ಸಮೇತ. ಹೆಂಗಸು ಬೆರಳು ಮಡಚಿ ಲೆಕ್ಕ ಹಾಕಿದಳು.

"ಆಗ ಅವನು ಆಗಷ್ಟೇ ಗೋಡೆ ಹಿಡ್ಕೊಂಡು ನಡಿಯೋಕೆ ಕಲಿತಿದ್ದ" ಅಂದಳು. "ಆಮೇಲೆ ಎರಡು ವರ್ಷ ಇದ್ದ."

ಪೆಟ್ಟಿಗೆ ಅಕ್ಕ ಅಲ್ಲೇ ಜಲ್ಲಿಯ ಮೇಲೆ ಕೂತು ಗಟ್ಟಿಯಾಗಿ ಅತ್ತಳು. ಆ ಹೆಂಗಸು ಅಳಲಿಲ್ಲ, ಸಮಾಧಾನವನ್ನೂ ಮಾಡಲಿಲ್ಲ. ಟೈರಿನ ದಾರ ಬಿಗಿದುಕೊಂಡು, ಬಾಂಡ್ಲಿ ಎತ್ತಿಕೊಂಡು ಹೊರಡುವಾಗ ಹೇಳಿದಳು, "ಮೂರು ಜನ ಅಂತ ಬರ್ಕೊಳ್ಳಿ. ನಾನು, ಗಂಡ, ಒಂದು ಹುಡುಗಿ. ಮೊದಲು ನಾಲ್ಕಿದ್ವಿ."

ಹನ್ನೆರಡನೆಯ ದಿನಕ್ಕೆ ಲೆಕ್ಕ ಮುಗಿಯಿತು. ಶೆಡ್ಡುಗಳಲ್ಲಿ ಇನ್ನೂರ ಮೂವತ್ತೊಂದು ಜನ. ಒಟ್ಟು ಮೂರು ಸಾವಿರದ ನಲವತ್ತೊಂದು. ಭಾವನಿಗೆ ಹೇಳಿದಾಗ ಮೂಗಿನ ಪೈಪನ್ನು ಸರಿ ಮಾಡಿಕೊಂಡು, "ನಲವತ್ತು ಜನ ಸತ್ರೂ ಪರವಾಗಿಲ್ಲ ಹಾಗಾದ್ರೆ" ಅಂದ. ಅವಳು ನಗಲಿಲ್ಲ.

ದೊಡ್ಡ ಕಚೇರಿಗೆ ನಾವಿಬ್ಬರೂ ಹೋದೆವು. ಸಾಹೇಬರು ಕೆಟ್ಟವರಲ್ಲ. ಕೂರಿಸಿದರು, ನೀರು ಕೊಡಿಸಿದರು, ಹಾಳೆಗಳನ್ನು ಒಂದೊಂದೇ ತಿರುವಿದರು.

"ಒಂದು ವರ್ಷದಲ್ಲಿ ಇನ್ನೂರ ಮೂವತ್ತೊಂದು ಜನ ಎಲ್ಲಿಂದ ಉದುರಿದ್ರು?"

"ಉದುರಿಲ್ಲ ಸರ್. ಅಲ್ಲೇ ಇದ್ರು. ನಾವೇ ಹೊಡೆದು ಹಾಕಿದ್ವಿ."

"ಮತ್ತೆ ನೂರಕ್ಕೆ ನೂರು ಅಂತ ನಾನೇ ಸಹಿ ಹಾಕಿ ಕೊಟ್ಟಿದ್ದೀನಲ್ಲ?"

"ಅದು ಸುಳ್ಳು ಸರ್. ಬರೆದು ತಂದಿದ್ದೀನಿ."

ಅವಳು ಚೀಲದಿಂದ ಕಾಗದ ತೆಗೆದು ಮುಂದಿಟ್ಟಳು. ಅದರಲ್ಲಿ ನನ್ನ ಹೆಸರಿರಲಿಲ್ಲ, ತಪ್ಪೆಲ್ಲ ತನ್ನದೇ ಅಂತ ಬರೆದಿದ್ದಳು. ಬೇಕಾದರೆ ಕೆಲಸದಿಂದ ತೆಗೆಯಿರಿ, ಕೇಂದ್ರ ಮುಚ್ಚಬೇಡಿ ಅಂತ ಕೊನೆಯ ಸಾಲು. ನಾನು ಬಾಯಿ ತೆಗೆದು ಗೆರೆ ಎಳೆದವನು ನಾನು ಅನ್ನಬೇಕಿತ್ತು. ಎಲ್ಲರ ಮೇಲೂ ಹರಿಹಾಯುವ ಈ ಬಾಯಿ ಅವತ್ತು ಉಗುಳು ನುಂಗಿಕೊಂಡು ಕೂತಿತ್ತು.

ಸಾಹೇಬರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು.

"ಅಮ್ಮ, ಇದು ನಿಮ್ಮ ಕೇಂದ್ರದಲ್ಲಿ ಮಾತ್ರ ನಡೆದಿದೆ ಅಂದ್ಕೊಂಡ್ರಾ? ನನ್ನ ಕೆಳಗೆ ನಲವತ್ತೆರಡು ಕೇಂದ್ರ ಇದೆ. ಎಲ್ಲಾ ನೂರಕ್ಕೆ ನೂರು. ಆ ನೂರನ್ನ ತೋರಿಸಿ ನಾನು ಅನುದಾನ ತರ್ತೀನಿ, ನನ್ನ ಮೇಲಿನವರು ಅದನ್ನೇ ತೋರಿಸಿ ಇನ್ನೂ ಮೇಲಿಂದ ತರ್ತಾರೆ. ನಿಮ್ಮ ಈ ಒಂದು ಕಾಗದ ಮೇಲೆ ಹೋದ್ರೆ ನಲವತ್ತೆರಡೂ ಮತ್ತೆ ಎಣಿಸ್ಬೇಕಾಗುತ್ತೆ. ಯಾರು ಎಣಿಸ್ತಾರೆ? ಯಾರಿಗೆ ಬೇಕಾಗಿದೆ?"

"ಸರ್, ನನ್ನ ಗಂಡ..." ಅಂದಳು. ಅಲ್ಲಿಯವರೆಗೆ ಗಂಡನ ಮಾತು ಎತ್ತಬಾರದು ಅಂತ ಹಲ್ಲು ಕಚ್ಚಿಕೊಂಡಿದ್ದಳು. "ಕೇಂದ್ರ ಹೋದ್ರೂ ಹೋಗ್ಲಿ ಸರ್, ಮಿಷನ್ ಒಂದನ್ನ ಬಿಟ್ಟುಬಿಡಿ. ಮೂರು ಜನ ಅದರಿಂದಲೇ ಬದುಕಿದ್ದಾರೆ. ನಾನೇ ನೋಡ್ಕೋತೀನಿ, ನಾನೇ ಒರೆಸಿ ಇಡ್ತೀನಿ."

"ಆಸ್ತಿ ಪಟ್ಟಿಯಲ್ಲಿದೆ ಅಮ್ಮ. ನನ್ನ ಕೈಯಲ್ಲಿಲ್ಲ." ನಿಜವಾಗಿಯೂ ಅವರಿಗೆ ಬೇಜಾರಾಗಿತ್ತು. "ಕಾಗದ ಇಲ್ಲೇ ಇರ್ಲಿ. ನೋಡೋಣ."

ನೋಡೋಣ ಅಂದರೆ ಏನು ಅಂತ ಇಬ್ಬರಿಗೂ ಗೊತ್ತಿತ್ತು. ಹದಿನೈದು ದಿನ ಮುಗಿಯಿತು, ಯಾವ ಉತ್ತರವೂ ಬರಲಿಲ್ಲ.

ಗುರುವಾರ ಹನ್ನೊಂದು ಗಂಟೆಗೆ ಸಾಮಾನು ಸಾಗಿಸುವ ವ್ಯಾನು ಬಂತು. ಆಗ ಭಾವನ ಸರದಿ ನಡೆಯುತ್ತಿತ್ತು. ವ್ಯಾನಿನವನು ಒಳಗೆ ಇಣುಕಿ ನೋಡಿ, "ಮುಗೀಲಿ, ಕಾಯ್ತೀನಿ" ಅಂತ ವರಾಂಡದಲ್ಲಿ ಕೂತ. ಕಪಾಟು, ಮಂಚ, ತೂಕದ ಯಂತ್ರ, ನನ್ನ ಮೇಜು ಎಲ್ಲ ಹೋದ ಮೇಲೆ ಖಾಲಿ ಕೋಣೆಯಲ್ಲಿ ಅವನೊಬ್ಬನೇ ಸ್ಟೂಲಿನ ಮೇಲೆ ಕೂತಿದ್ದ. ಆಮೇಲೆ ತಾನೇ ಪೈಪು ಬಿಚ್ಚಿ, ಟವೆಲಿನಿಂದ ಒರೆಸಿ, ಸುತ್ತಿ ಕೊಟ್ಟ. "ತಗೊಳಪ್ಪ. ಹದಿನಾಲ್ಕು ಕಿಲೋಮೀಟರ್ ಉದ್ದದ ಪೈಪ್ ಎಲ್ಲಾದ್ರೂ ಸಿಕ್ರೆ ಹೇಳಿಕಳಿಸು." ವ್ಯಾನಿನವನು ಮುಖ ಆಚೆ ತಿರುಗಿಸಿಕೊಂಡ. ಗೋಡೆಯ ಮೇಲೆ ಉಳಿದದ್ದು ಆ ಪ್ರಶಸ್ತಿ ಪತ್ರ ಒಂದೇ, ಅದು ಆಸ್ತಿ ಪಟ್ಟಿಯಲ್ಲಿರಲಿಲ್ಲ. ನಾನು ಅದನ್ನು ಇಳಿಸಿ ಹಿಂದಿನ ಚರಂಡಿಗೆ ಎಸೆದೆ. ಅದರಿಂದ ಯಾರಿಗೇನು ಉಪಕಾರವಾಯಿತು?

ಎರಡು ಸಲ ಅವನನ್ನು ಬಸ್ಸಿನಲ್ಲಿ ದೊಡ್ಡ ಕೇಂದ್ರಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಒಂದು ಮಿಷನ್ನಿಗೆ ಹದಿನೇಳು ಜನ. ಮೊದಲ ಸಲ ಅರ್ಧ ಗಂಟೆ ಸಿಕ್ಕಿತು, ಎರಡನೆಯ ಸಲ ಅದೂ ಇಲ್ಲ. ಬರುವಾಗ ಅವನ ತುಟಿ ನೇರಳೆಯಾಗಿತ್ತು. ಜೋಕು ಹೇಳಲು ಬಾಯಿ ತೆಗೆದ, ಉಸಿರು ಸಾಲದೆ ಕೈ ಸನ್ನೆ ಮಾಡಿ ಬಿಟ್ಟುಬಿಟ್ಟ. ಮೂರನೆಯ ಸಲ ಹೊರಟದ್ದು ಮಂಗಳವಾರ ಬೆಳಗ್ಗೆ ಎಂಟಕ್ಕೆ. ಬಸ್ಸಿಗೂ ಅದೇ ದಾರಿ. ಕಂಬದ ಹತ್ತಿರ ನಿಂತ. ನಲ್ಲಿಯ ಹತ್ತಿರ ನಿಂತ. ಸೈಕಲ್ ಅಂಗಡಿಯವನು ದಿನದ ಹಾಗೆ ಬೆಂಚು ಒರೆಸಿ ಇಟ್ಟಿದ್ದ. ಭಾವ ಅಲ್ಲಿಗೆ ತಲುಪಲಿಲ್ಲ. ನಲ್ಲಿಯ ಕಟ್ಟೆಯ ಮೇಲೆಯೇ ಹೆಂಡತಿಯ ಭುಜಕ್ಕೆ, ಆ ತಗ್ಗಿದ ಭುಜಕ್ಕೆ, ಒರಗಿಕೊಂಡು ಹೋಗಿಬಿಟ್ಟ.

ಅವನು ತೀರಿಕೊಂಡು ಆರು ದಿನವಾಗಿತ್ತು. ರಿಜಿಸ್ಟರನ್ನು ದೊಡ್ಡ ಕೇಂದ್ರಕ್ಕೆ ಒಪ್ಪಿಸುವ ಗಡುವು ಅವತ್ತು. ಅವತ್ತಿನವರೆಗಿನ ಎಲ್ಲ ನಮೂದೂ ಆಗಿರಬೇಕು ಅಂತ ನಿಯಮ. ಖಾಲಿ ವರಾಂಡದಲ್ಲಿ, ಬರಿನೆಲದ ಮೇಲೆ ಇಬ್ಬರೂ ಕೂತೆವು. ಹೊರಗೆ ಒಳ್ಳೇ ಬಿಸಿಲಿತ್ತು. ಅವಳು ತನ್ನ ಮನೆಯ ಪುಟ ತೆಗೆದಳು. ಮೊದಲ ಸಾಲು ಅವನದು, ಎರಡನೆಯದು ಅವಳದು. ಕೊನೆಯ ಕಾಲಂನಲ್ಲಿ 'ಮೃತ' ಅಂತ ದುಂಡಗೆ ಬರೆದು ತಾರೀಕು ಹಾಕಿದಳು. ಆಮೇಲೆ ಸ್ಕೇಲನ್ನೂ ಕೆಂಪು ಪೆನ್ನನ್ನೂ ನನ್ನ ಕಡೆ ತಳ್ಳಿದಳು.

ನಾನು ಸ್ಕೇಲಿಟ್ಟೆ. ಪೆನ್ನು ನಿಲ್ಲಲೊಲ್ಲದು, ಕೈ ಗಡಗಡ ಅಂತಿತ್ತು.

"ನನ್ನ ಕೈಲಾಗಲ್ಲ ತಂಗಿ. ಬೇರೆ ಯಾರ ಹತ್ರನಾದ್ರೂ ಎಳೆಸು."

ಅವಳು ನನ್ನ ಮುಖ ನೋಡಲಿಲ್ಲ. ಪುಸ್ತಕವನ್ನೇ ನೋಡುತ್ತಿದ್ದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಎಳಿ ಅಣ್ಣ" ಅಂದಳು. "ಅವತ್ತು ಅರವತ್ತೊಂದು ಪುಟ ಎಳೆದಾಗ ನಡುಗಲಿಲ್ವಲ್ಲ."

ನಾನು ಎಳೆದೆ. ಸೊಟ್ಟಗೆ ಬಂತು. ಅವಳು ಶಾಯಿ ಒಣಗುವವರೆಗೆ ಕಾದು, ಪುಸ್ತಕ ಮುಚ್ಚಿ ಚೀಲಕ್ಕೆ ತುಂಬಿ, ಪೆಟ್ಟಿಗೆ ನೇತುಹಾಕುತ್ತಿದ್ದ ಹೆಗಲಿಗೆ ಅದನ್ನು ಹಾಕಿಕೊಂಡು ಬಸ್ಸಿಗೆ ಹೊರಟಳು.